ಉದ್ರಿ ಕೊಡುವ ಮುನ್ನ ಅಢಾವೆ ಓದು

ತಮ್ಮಾ,

ನಮ್ಮ ನರೋಣಾ ಮತ್ತು ಸುತ್ತಲಿನ ಊರುಗಳ ರೈತರು ಸೇರಿ ಕಟ್ಟಿಕೊಂಡ ಉತ್ಪಾದಕರ ಕಂಪನಿಗೆ ಈ ಸಲ ನಿನ್ನನ್ನು ನಿರ್ದೇಶಕನನ್ನಾಗಿ ಆರಿಸಿದ್ದಾರೆ. ಒಳ್ಳೆಯದಾಯಿತು. ಓದಿದ ಹುಡುಗರೆಲ್ಲ ಪುಣೆ, ಹೈದರಾಬಾದಿನ ದಾರಿ ಹಿಡಿಯುವ ಕಾಲದಲ್ಲಿ ನೀನು ಊರಲ್ಲೇ ನಿಂತು ಹತ್ತು ಜನರ ವ್ಯವಹಾರಕ್ಕೆ ಹೆಗಲು ಕೊಟ್ಟದ್ದು ನನಗೆ ಹೆಮ್ಮೆ. ಹೊರರಾಜ್ಯದ ಕಂಪನಿಯೊಂದು ಕಲಬುರಗಿ ಗಂಜ್ ಮಾರುಕಟ್ಟೆಯ ಧಾರಣೆಗಿಂತ ಕ್ವಿಂಟಲ್‌ಗೆ ಇನ್ನೂರು ರೂಪಾಯಿ ಹೆಚ್ಚು ಕೊಟ್ಟು ನಿಮ್ಮ ತೊಗರಿ ಬೇಳೆ ಒಯ್ಯುತ್ತದಂತೆ, ಹಣ ಮಾತ್ರ ಅರವತ್ತು ದಿನ ಬಿಟ್ಟು ಕೊಡುತ್ತದಂತೆ. "ಅಷ್ಟು ದೊಡ್ಡ ಕಂಪನಿ ಕಾಕಾ, ನೂರಾರು ಕೋಟಿ ವಹಿವಾಟದ, ಅಂಜಿಕಿ ಯಾಕ?" ಎಂದು ನೀನು ಕೇಳಿದೆ. ನಿಂತ ನಿಲುವಿನಲ್ಲಿ ಉತ್ತರ ಕೊಡುವ ಪ್ರಶ್ನೆ ಅದಲ್ಲ ಎಂದು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೋ. ಉದ್ರಿ ಮಾಲು ಕೊಡುವವನು ಸಾಲ ಕೊಡುವವನೇ. ಐದು ಲಕ್ಷ ಸಾಲ ಕೇಳಿ ನೀನು ಬ್ಯಾಂಕಿಗೆ ಹೋದರೆ ಮೂರು ವರ್ಷದ ಲೆಕ್ಕಪತ್ರ, ಪಹಣಿ, ಜಾಮೀನು ಎಲ್ಲ ಕೇಳುತ್ತಾರೆ. ನಾವು ಮಾತ್ರ ಇಪ್ಪತ್ತು ಲಕ್ಷದ ಬೇಳೆ ಲಾರಿಗೆ ಹೇರಿ, ಒಂದು ಬಿಲ್ಲು ಕೈಯಲ್ಲಿ ಹಿಡಿದು ಮನೆಗೆ ಬರುತ್ತೇವೆ. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಹಿಂದೆ ಕಲಬುರಗಿ ಗಂಜಿನ ಅಡತಿ ಅಂಗಡಿಯಲ್ಲಿ ಕೊಳ್ಳುವವನ ಮನೆತನ, ಅವನ ಹೊಲ, ಹೋದ ಸುಗ್ಗಿಯ ಬಾಕಿ ಎಲ್ಲವೂ ಸಾಹುಕಾರನಿಗೆ ಗೊತ್ತಿರುತ್ತಿತ್ತು. ದೂರದ ಕಂಪನಿಗೆ ಮನೆತನವಿಲ್ಲ. ಅದರ ಗುಣ ತಿಳಿಯಲು ನಿನಗಿರುವ ದಾರಿ ಅದರ ಲೆಕ್ಕಪತ್ರವೇ. ಷೇರು ಕೊಳ್ಳುವವರು ಲಾಭ ಎಷ್ಟು ಬೆಳೆದೀತು ಎಂದು ನೋಡಲಿ. ನೀನು ಸಾಲ ಕೊಡುವವನ ಕಣ್ಣಿನಿಂದ ಓದು: ಈ ಮನುಷ್ಯ ಹೇಳಿದ ದಿನಕ್ಕೆ ನನ್ನ ಹಣ ಕೊಟ್ಟಾನೇ?

ಲೆಕ್ಕ ಎಲ್ಲಿ ಸಿಗುತ್ತದೆ ಎಂದು ಕೇಳುವೆ. ಷೇರುಪೇಟೆಯಲ್ಲಿರುವ ಕಂಪನಿಯಾದರೆ ವಾರ್ಷಿಕ ವರದಿ ಅದರ ಜಾಲತಾಣದಲ್ಲೂ ಮುಂಬಯಿಯ ಎರಡೂ ಷೇರುಪೇಟೆಗಳ ತಾಣದಲ್ಲೂ ಬಿಟ್ಟಿ ಸಿಗುತ್ತದೆ. ಅಲ್ಲಿ ಇಲ್ಲದ ಕಂಪನಿಗಳೂ ಪ್ರತಿವರ್ಷ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಲೆಕ್ಕ ಸಲ್ಲಿಸಲೇಬೇಕು. ಸಚಿವಾಲಯದ ತಾಣದಲ್ಲಿ ನೂರು ರೂಪಾಯಿ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ಆ ಕಾಗದ ನೋಡಬಹುದು. ನಮ್ಮ ಕಡೆಯ ಕಬ್ಬಿನ ಕಾರ್ಖಾನೆಗಳನ್ನೇ ತೆಗೆದುಕೋ. ಅಫಜಲಪುರ ತಾಲ್ಲೂಕಿನ ಹವಳಗಾ ಕಾರ್ಖಾನೆಯ ಶ್ರೀ ರೇಣುಕಾ ಶುಗರ್ಸ್ ಷೇರುಪೇಟೆಯಲ್ಲಿದೆ. ನಮ್ಮ ಆಳಂದ ತಾಲ್ಲೂಕಿನ ಭೂಸನೂರ ಕಾರ್ಖಾನೆಯ ಎನ್‌ಎಸ್‌ಎಲ್ ಶುಗರ್ಸ್ ಅಲ್ಲಿ ಇಲ್ಲ. ಒಂದರ ಲೆಕ್ಕ ಬಿಟ್ಟಿ, ಇನ್ನೊಂದಕ್ಕೆ ನೂರು ರೂಪಾಯಿ, ಅಷ್ಟೇ ವ್ಯತ್ಯಾಸ. ಮಾರ್ಚ್ 31ಕ್ಕೆ ಮುಗಿದ ವರ್ಷದ ಲೆಕ್ಕವನ್ನು ಕಂಪನಿಗಳು ಸೆಪ್ಟೆಂಬರ್ ಒಳಗೆ ವಾರ್ಷಿಕ ಸಭೆಯ ಮುಂದಿಟ್ಟು, ನಂತರದ 30 ದಿನಗಳಲ್ಲಿ ಸಲ್ಲಿಸಬೇಕು. ಅಂದರೆ ದೀಪಾವಳಿ ಹೊತ್ತಿಗೆ ಅದು ನಿನ್ನ ಕೈಗೆ ಬಂದಿರುತ್ತದೆ, ಹೊಸ ತೊಗರಿ ರಾಶಿಯಾಗುವುದು ಆಮೇಲೆ. ಸಲ್ಲಿಸುವುದನ್ನೇ ವರ್ಷಗಟ್ಟಲೆ ತಡಮಾಡಿದ ಕಂಪನಿಯಾದರೆ ಮುಂದೆ ಓದುವ ಕೆಲಸವಿಲ್ಲ, ಅದಕ್ಕೆ ಉದ್ರಿ ಕೊಡಬೇಡ.

ಕಾಗದ ಬಂತು ಎನ್ನು. ಎಲ್ಲರೂ ಮೊದಲು ಲಾಭ-ಹಾನಿ ಪತ್ರಿಕೆಯ ಕೊನೆಯ ಸಾಲು ನೋಡುತ್ತಾರೆ. ನೀನು ನಗದು ಹರಿವಿನ ಪತ್ರಿಕೆಯಿಂದ ಶುರು ಮಾಡು. ಲಾಭ ಎನ್ನುವುದು ಹೊಲದಲ್ಲಿ ನಿಂತ ಬೆಳೆ, ನಗದು ಮನೆಗೆ ಬಂದ ಕಾಳು. ನಡುವೆ ಏನೇನಾಗುತ್ತದೆ ಎಂಬುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಒಂದು ಬೇಳೆ ಗಿರಣಿಯ ಲೆಕ್ಕವನ್ನು ನಾವೇ ಹಾಕಿ ನೋಡೋಣ. ಹೋದ ವರ್ಷ 11 ಕೋಟಿ ಮಾರಾಟ, ಈ ವರ್ಷ 12 ಕೋಟಿ. ತೆರಿಗೆಗೆ ಮುಂಚಿನ ಲಾಭ 40 ಲಕ್ಷ. ನೋಡಿದವರು ಗಿರಣಿ ಏಳಿಗೆಯಲ್ಲಿದೆ ಎನ್ನುತ್ತಾರೆ. ಈಗ ನಗದು ಹರಿವಿಗೆ ಬಾ. ಲಾಭ 40 ಲಕ್ಷಕ್ಕೆ, ಕೈಯಿಂದ ಹಣ ಹೋಗದ ಸವಕಳಿ 20 ಲಕ್ಷ ಕೂಡಿಸಿದರೆ 60 ಲಕ್ಷ. ಆದರೆ ಗಿರಾಕಿಗಳಿಂದ ಬರತಕ್ಕ ಬಾಕಿ ಒಂದೂವರೆ ಕೋಟಿ ಇದ್ದದ್ದು ಮೂರು ಕೋಟಿಯಾಗಿದೆ. 150 ಲಕ್ಷ ಹೊರಗೆ ನಿಂತಿತು. ದಾಸ್ತಾನು 30 ಲಕ್ಷ ಏರಿದೆ. ತಾನು ಇತರರಿಗೆ ಕೊಡತಕ್ಕದ್ದನ್ನು 30 ಲಕ್ಷ ಹೆಚ್ಚು ಉಳಿಸಿಕೊಂಡಿದೆ. ಕೂಡಿ ಕಳೆದರೆ ವ್ಯಾಪಾರದಿಂದ ಬಂದ ನಗದು ಸೊನ್ನೆಗಿಂತ 90 ಲಕ್ಷ ಕೆಳಗೆ. 40 ಲಕ್ಷ ಲಾಭ ತೋರಿಸಿದ ಗಿರಣಿ 90 ಲಕ್ಷ ಸಾಲ ಎತ್ತಿ ವರ್ಷ ನೂಕಿದೆ. ಹೋದ ವರ್ಷ ಅದರ ಗಿರಾಕಿಗಳು ಸರಾಸರಿ 50 ದಿನಕ್ಕೆ ಹಣ ಕೊಡುತ್ತಿದ್ದರು, ಈಗ 91 ದಿನ. ತನಗೆ 91 ದಿನಕ್ಕೆ ಹಣ ಬರುವವನು ನಿನಗೆ 60 ದಿನಕ್ಕೆ ಎಲ್ಲಿಂದ ತಂದು ಕೊಡುತ್ತಾನೆ? ಬ್ಯಾಂಕಿನಿಂದ. ಬ್ಯಾಂಕು ಕೈ ಬಿಗಿ ಹಿಡಿದ ದಿನ ನಿನ್ನ ಹಣವೂ ನಿಲ್ಲುತ್ತದೆ. ಒಂದು ವರ್ಷ ಹೀಗಾಗುವುದುಂಟು. ಮೂರು ವರ್ಷವೂ ಲಾಭ ಮೇಲೆ, ನಗದು ಕೆಳಗೆ ಇದ್ದರೆ ಆ ಕಂಪನಿಯಿಂದ ದೂರ ಇರು.

ಇಲ್ಲಿ ನಿನಗೆ ಅನುಕೂಲವಾದ ನಿಯಮವೊಂದಿದೆ. 2021ರ ಏಪ್ರಿಲ್‌ನಿಂದ ಕಂಪನಿಗಳು ತಾವು ಕೊಡತಕ್ಕ ಬಾಕಿ, ತಮಗೆ ಬರತಕ್ಕ ಬಾಕಿ ಎಷ್ಟು ಹಳೆಯದು ಎಂಬುದನ್ನು ಟಿಪ್ಪಣಿಯಲ್ಲಿ ವರ್ಷವಾರು ಬಿಡಿಸಿ ತೋರಿಸಬೇಕು. ಒಂದು ವರ್ಷದೊಳಗಿನದು, ಒಂದರಿಂದ ಎರಡು, ಎರಡರಿಂದ ಮೂರು, ಮೂರಕ್ಕೂ ಮೇಲಿನದು ಎಂದು. ತಕರಾರಿನಲ್ಲಿರುವುದನ್ನು, ಸಣ್ಣ ಉದ್ದಿಮೆಗಳಿಗೆ ಕೊಡಬೇಕಾದದ್ದನ್ನು ಬೇರೆಬೇರೆಯಾಗಿ ತೋರಿಸಬೇಕು. ಮಾಲು ಕೊಟ್ಟವರ ಹಣ ಎರಡು ವರ್ಷ ತಡೆದ ಕಂಪನಿಯ ಗುಣ ಈ ಒಂದು ಕೋಷ್ಟಕದಲ್ಲೇ ತಿಳಿಯುತ್ತದೆ.

ಹವಳಗಾಕ್ಕೆ ಬರೋಣ. ಅದನ್ನು ಓದಲು ಕಲಿತರೆ ಯಾವ ಕಂಪನಿಯನ್ನಾದರೂ ಓದಬಲ್ಲೆ. ಬೆಳಗಾವಿಯಲ್ಲಿ ಬೆಳೆದ ಶ್ರೀ ರೇಣುಕಾ ಶುಗರ್ಸ್ 2005ರಲ್ಲಿ ಷೇರುಪೇಟೆಗೆ ಬಂತು. 2010ರಲ್ಲಿ ದೂರದ ಬ್ರೆಜಿಲ್‌ನಲ್ಲಿ ಒಂದು ಸಕ್ಕರೆ ಕಂಪನಿಯನ್ನು ಕೊಂಡು, ಇನ್ನೊಂದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಹಿಡಿಯಿತು. ಆಮೇಲೆ ಜಗತ್ತಿನಲ್ಲಿ ಸಕ್ಕರೆಯ ಬೆಲೆ ವರ್ಷಗಟ್ಟಲೆ ಬಿತ್ತು, ಸಾಲ ಹೆಗಲೇರಿತು, 2015ರಲ್ಲಿ ಆ ಬ್ರೆಜಿಲ್ ಕಂಪನಿಗಳು ಅಲ್ಲಿನ ನ್ಯಾಯಾಲಯದ ರಕ್ಷಣೆ ಬೇಡಿದವು. 2018ರಲ್ಲಿ ಸಿಂಗಪುರದ ವಿಲ್ಮರ್ ಕಂಪನಿ ಒಡೆತನ ವಹಿಸಿಕೊಂಡಿತು. ಭೀಮಾ ತೀರದಲ್ಲಿ ಕಬ್ಬು ಕಡಿದು ಕೊಟ್ಟ ರೈತನಿಗೂ ಬ್ರೆಜಿಲ್‌ನ ಸಾಲಕ್ಕೂ ಏನು ಸಂಬಂಧ? ಲೆಕ್ಕದಲ್ಲಿ ಇದೆ. ದೊಡ್ಡ ಕಂಪನಿಗಳು ಎರಡು ಲೆಕ್ಕ ಕೊಡುತ್ತವೆ: ಒಂದು ತನ್ನದೊಂದೇ, ಇನ್ನೊಂದು ಅಂಗಸಂಸ್ಥೆಗಳನ್ನೆಲ್ಲ ಸೇರಿಸಿದ ಕ್ರೋಡೀಕೃತ ಲೆಕ್ಕ. ಮೊದಲನೆಯದನ್ನಷ್ಟೇ ಓದಿದವನಿಗೆ ಅಂಗಸಂಸ್ಥೆಯ ಸಾಲದ ಭಾರ ಪೂರ್ತಿ ಕಾಣುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಓದು.

ಅದೇ ಕಂಪನಿಯ 2023-24ರ ಕ್ರೋಡೀಕೃತ ಲೆಕ್ಕದಲ್ಲಿ ವಹಿವಾಟು 11 ಸಾವಿರ ಕೋಟಿ ದಾಟಿದೆ, ನಷ್ಟ 600 ಕೋಟಿ ಮೀರಿದೆ. ವಹಿವಾಟು ದೊಡ್ಡದು ಎಂದರೆ ಹೆದರಿಕೆ ಇಲ್ಲ ಎಂಬ ನಿನ್ನ ಮಾತಿಗೆ ಇದಕ್ಕಿಂತ ಹತ್ತಿರದ ಉತ್ತರ ನನ್ನಲ್ಲಿಲ್ಲ. ಆಸ್ತಿ-ಹೊಣೆ ತೋರಿಸುವ ಆ ವರ್ಷದ ಅಢಾವೆ ಪತ್ರಿಕೆಯಲ್ಲಿ ಷೇರು ಬಂಡವಾಳ ಮತ್ತು ಕಾಯ್ದಿಟ್ಟ ನಿಧಿಯ ಮೊತ್ತವೇ ಸೊನ್ನೆಗಿಂತ ಕೆಳಗಿದೆ, ಅಂದರೆ ಇರುವ ಆಸ್ತಿಗಿಂತ ಕೊಡಬೇಕಾದದ್ದು ಹೆಚ್ಚು. ಹಾಗಿದ್ದೂ ಕಾರ್ಖಾನೆ ನಡೆದಿದೆ, ಕಬ್ಬು ನುರಿಸಿದೆ. ಬೆನ್ನಿಗೆ ದೊಡ್ಡ ಒಡೆಯನಿದ್ದಾನೆ ಎಂಬುದೇ ಅದರ ಬಲ. ಆದ್ದರಿಂದ ಅಂಕಿ ನೋಡಿದೊಡನೆ ತೀರ್ಪು ಕೊಡಬೇಡ, ಬೆನ್ನಿಗೆ ಯಾರಿದ್ದಾರೆ ಎಂದು ಟಿಪ್ಪಣಿಯಲ್ಲಿ ಹುಡುಕು. ಆ ಬೆಂಬಲ ಬರೀ ಭರವಸೆಯ ಪತ್ರವೋ, ಬ್ಯಾಂಕಿಗೆ ಕೊಟ್ಟ ಖಾತರಿಯೋ ಎಂಬುದನ್ನೂ ನೋಡು. ಖಾತರಿ ಬ್ಯಾಂಕಿನ ಸಾಲಕ್ಕೆ ಇರುತ್ತದೆ. ಮಾಲು ಕೊಟ್ಟವನಿಗೆ ಅದು ತಾನಾಗಿ ಸಿಗುವುದಿಲ್ಲ.

ಇನ್ನೊಂದು ಸೂಕ್ಷ್ಮ. ಕಬ್ಬು ನುರಿಯುವುದು ಚಳಿಗಾಲದಲ್ಲಿ, ಅಢಾವೆ ತಯಾರಾಗುವುದು ಮಾರ್ಚ್ 31ಕ್ಕೆ. ಆ ದಿನ ಗೋದಾಮು ತುಂಬಿರುತ್ತದೆ, ಬ್ಯಾಂಕಿನ ಸಾಲ ಏರಿರುತ್ತದೆ, ಕಬ್ಬಿನ ಬಾಕಿಯೂ ಹೆಚ್ಚಿರುತ್ತದೆ. ಅದೊಂದನ್ನೇ ನೋಡಿದರೆ ಸರಿಯಾದ ಚಿತ್ರ ಸಿಗುವುದಿಲ್ಲ. ಷೇರುಪೇಟೆಯ ಕಂಪನಿಗಳು ಸೆಪ್ಟೆಂಬರ್ 30ಕ್ಕೂ ಅಢಾವೆ ಪ್ರಕಟಿಸಬೇಕು. ಗೋದಾಮು ಬರಿದಾದಾಗ ಸಾಲವೂ ಇಳಿದಿದೆಯೇ ನೋಡು. ಸಕ್ಕರೆ ಮಾರಿದರೂ ಸಾಲ ಇಳಿಯಲಿಲ್ಲವೆಂದರೆ ಆ ಹಣ ಬೇರೆ ಕಡೆ ಹರಿದಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನಗಳಲ್ಲಿ ರೈತನ ಹಣ ಸಂದಾಯವಾಗಬೇಕು, ತಪ್ಪಿದರೆ ವರ್ಷಕ್ಕೆ ಶೇ 15ರ ಬಡ್ಡಿ ಕೊಡಬೇಕು. ತೊಗರಿ ಬೆಳೆದವನಿಗೆ ಅಂಥ ಆದೇಶದ ಆಸರೆ ಇಲ್ಲ, ಹಾಗಾಗಿ ಓದಿನ ಆಸರೆ ಇನ್ನೂ ಹೆಚ್ಚು ಬೇಕು.

ತೊಗರಿಯಲ್ಲಿ ದಾಸ್ತಾನಿನ ಬೆಲೆಯೇ ದೊಡ್ಡ ಮೋಸಗಾರ. 2024ರ ನಡುವೆ ಕ್ವಿಂಟಲ್‌ಗೆ 10 ಸಾವಿರ ದಾಟಿದ್ದ ತೊಗರಿ 2025ರ ಜನವರಿಗೆ ಬೆಂಬಲ ಬೆಲೆಯಾದ 7,550ರ ಆಸುಪಾಸಿಗೆ ಬಂದು ಕುಳಿತದ್ದು, ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ 8,000 ಮಾಡಿದ್ದು ನಿನಗೆ ನೆನಪಿದೆ. ಏರಿದ ಧಾರಣೆಯಲ್ಲಿ ಕೊಂಡು ಗೋದಾಮಿಗೆ ಹಾಕಿದ ಗಿರಣಿಯವನು ಮಾರ್ಚ್ 31ರಂದು ಅದಕ್ಕೆ ಯಾವ ಬೆಲೆ ಕಟ್ಟಿದ? ಕೊಂಡ ಬೆಲೆ, ಮಾರಿದರೆ ಬರುವ ಬೆಲೆ, ಇವೆರಡರಲ್ಲಿ ಕಡಿಮೆಯದನ್ನು ಹಾಕಬೇಕೆಂದು ಲೆಕ್ಕದ ನಿಯಮ. ಹಳೆಯ ಬೆಲೆಯನ್ನೇ ಉಳಿಸಿಕೊಂಡಿದ್ದರೆ ಆ ವರ್ಷದ ಲಾಭ ಸುಳ್ಳು. ಈ ಒಂದು ಪರೀಕ್ಷೆಯಲ್ಲಿ ನೀನು ಬೆಂಗಳೂರಿನ ದೊಡ್ಡ ಲೆಕ್ಕಿಗನಿಗಿಂತ ಮುಂದೆ ಇದ್ದೀ, ಯಾಕೆಂದರೆ ಗಂಜಿನ ಧಾರಣೆ ನಿನಗೆ ಬಾಯಿಪಾಠ.

ಲೆಕ್ಕ ಪರಿಶೋಧಕರ ಸಹಿ ಇದೆ ಎಂದು ಮೈಮರೆಯಬೇಡ. ಹೈದರಾಬಾದಿನ ಸತ್ಯಂ ಕಂಪನಿಯ ಲೆಕ್ಕಕ್ಕೂ ಸಹಿ ಇತ್ತು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರದಲ್ಲಿ, ತೋರಿಸಿದ್ದ 5,361 ಕೋಟಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ ಎಂದು ಒಪ್ಪಿಕೊಂಡರು. ಅದರಿಂದ ಒಂದು ಅಭ್ಯಾಸ ಕಲಿ: ಬ್ಯಾಂಕಿನಲ್ಲಿ ಇಷ್ಟು ಠೇವಣಿ ಇದೆ ಎಂದರೆ ಅದಕ್ಕೆ ತಕ್ಕ ಬಡ್ಡಿ ನಗದಾಗಿ ಬಂದಿದೆಯೇ, ಠೇವಣಿ ಇದ್ದೂ ಸಾಲ ಯಾಕೆ ಎತ್ತಿದ್ದಾರೆ ಎಂದು ಕೇಳು. ನಮ್ಮ ರಾಜ್ಯದ್ದೇ ಕಾಫಿ ಡೇ ಕಂಪನಿಯಲ್ಲಿ ಬೇರೆ ಬಗೆ. 2020ರ ತನಿಖಾ ವರದಿಯ ಪ್ರಕಾರ ಸಂಸ್ಥಾಪಕರ ಖಾಸಗಿ ಕಂಪನಿಯೊಂದು ಕಾಫಿ ಡೇಯ ಅಂಗಸಂಸ್ಥೆಗಳಿಗೆ 3,535 ಕೋಟಿ ಕೊಡಬೇಕಿತ್ತು, 2019ರ ಮಾರ್ಚಿನ ಲೆಕ್ಕದಲ್ಲಿ ಅದರಲ್ಲಿ 842 ಕೋಟಿ ಮಾತ್ರ ಕಾಣಿಸಿತ್ತು. ಒಡೆಯರ ಮನೆಯವರ ಕಂಪನಿಗಳೊಂದಿಗಿನ ಕೊಡುಕೊಳ್ಳುವಿಕೆಗೆ ಪ್ರತ್ಯೇಕ ಟಿಪ್ಪಣಿ ಇರುತ್ತದೆ. ಎಷ್ಟೇ ಬೇಸರವಾದರೂ ಅದನ್ನು ಬಿಡದೆ ಓದು. ಪರಿಶೋಧಕರ ವರದಿಗೆ ಅಂಟಿದ ಅನುಬಂಧವನ್ನೂ ಓದು: ಬ್ಯಾಂಕಿನ ಕಂತು ತಪ್ಪಿದೆಯೇ, ಕಿರು ಅವಧಿಯ ಸಾಲದಲ್ಲಿ ಕಟ್ಟಡ ಕಟ್ಟಿದ್ದಾರೆಯೇ, ಬ್ಯಾಂಕಿಗೆ ಕೊಟ್ಟ ದಾಸ್ತಾನು ಪಟ್ಟಿ ಲೆಕ್ಕಕ್ಕೆ ತಾಳೆಯಾಗುತ್ತದೆಯೇ ಎಂಬುದನ್ನೆಲ್ಲ ಅಲ್ಲಿ ಬರೆಯಬೇಕಾಗುತ್ತದೆ. ಸಣ್ಣ ಕಂಪನಿಗಳಿಗೆ ಇದರಿಂದ ವಿನಾಯಿತಿ ಇದೆ.

ಇನ್ನು ಆ ಅರವತ್ತು ದಿನದ ಮಾತು. ನಿಮ್ಮದು ಬೇಳೆ ತಯಾರಿಸುವ ಘಟಕ. ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ ಆಗಿಲ್ಲದಿದ್ದರೆ ಈ ವಾರವೇ ಮಾಡಿಸು. 2006ರ ಕಾಯ್ದೆಯ ಪ್ರಕಾರ ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗೆ ಕೊಡಬೇಕಾದ ಹಣವನ್ನು, ಕರಾರು ಏನೇ ಇರಲಿ, 45 ದಿನ ಮೀರಿ ತಡೆಯುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕಾಯ್ದೆ ಬಲ್ಲ ಕಂಪನಿ ಅರವತ್ತು ದಿನ ಕೇಳುತ್ತಿದೆ ಎಂದರೆ ಕಾರಣ ಕೇಳುವುದು ನಿನ್ನ ಹಕ್ಕು.

ಕಲಿಯುವ ಬಗೆಯನ್ನೂ ಹೇಳಿಬಿಡುತ್ತೇನೆ. ಅನುಪಾತಗಳ ಪಟ್ಟಿ ಉರು ಹೊಡೆಯುವುದರಿಂದ ಶುರು ಮಾಡಬೇಡ. ನಿಮ್ಮ ಕಂಪನಿಯದೇ ಅಢಾವೆ ತೆಗೆದುಕೋ. ಅದರ ಪ್ರತಿ ಅಂಕಿಯ ಹಿಂದಿನ ಚೀಲ, ಲಾರಿ, ಬ್ಯಾಂಕಿನ ಪುಸ್ತಕ ನಿನಗೆ ಕಣ್ಣಾರೆ ಗೊತ್ತು. ಆಮೇಲೆ ಹವಳಗಾ ಕಂಪನಿಯ ಮೂರು ವರ್ಷದ ಲೆಕ್ಕ ಓದು. ಆಮೇಲೆ ಈ ಕೊಳ್ಳುವ ಕಂಪನಿಯದು. ಕಲಬುರಗಿಯ ಲೆಕ್ಕ ಪರಿಶೋಧಕರ ಹತ್ತಿರ ಕುಳಿತು ತಿಳಿಯದ್ದನ್ನು ಕೇಳು. ಕೇಳಲು ನಾಚಬೇಡ, ನಿರ್ದೇಶಕನಾಗಿ ನೀನು ಒಪ್ಪಿ ಮುಂದೆ ಕಳಿಸುವ ಕಾಗದಕ್ಕೆ ಕಾನೂನಿನಲ್ಲಿ ನೀನೂ ಹೊಣೆಗಾರ.

ಈಗ ನನ್ನ ಅಭಿಪ್ರಾಯ. ಆ ಕಂಪನಿಯ ಮೂರು ವರ್ಷದ ಲೆಕ್ಕ ತರಿಸು. ನಗದು ಹರಿವು ಸರಿಯಿದ್ದು, ಮಾಲು ಕೊಟ್ಟವರ ಹಳೆಯ ಬಾಕಿ ಇಲ್ಲದಿದ್ದರೆ ಮೊದಲ ವರ್ಷ ನಿಮ್ಮ ಬೇಳೆಯ ಕಾಲು ಭಾಗ ಮಾತ್ರ ಕೊಡಿ, ಅದೂ 45 ದಿನದ ಕರಾರಿಗೆ. ಲೆಕ್ಕ ತೋರಿಸಲು ಹಿಂದೆಮುಂದೆ ನೋಡಿದರೆ ಇನ್ನೂರು ರೂಪಾಯಿಯ ಆಸೆ ಬಿಟ್ಟು ಗಂಜಿನಲ್ಲೇ ನಗದಿಗೆ ಮಾರಿ. ಏನೇ ತೀರ್ಮಾನಿಸಿದರೂ ಕಾರಣವನ್ನು ಸಭೆಯ ನಡಾವಳಿಯಲ್ಲಿ ಬರೆಸು, ಷೇರು ಹಾಕಿದ ಪ್ರತಿ ರೈತನಿಗೂ ಅದನ್ನು ಓದಿ ಹೇಳು.