ತಪಾಸಣೆಯಾದಾಗ ನಮ್ಮ ಹಕ್ಕು, ಚಟ ಬಿಡುವವರಿಗೆ ಕಾನೂನಿನ ದಾರಿ

ನಮ್ಮ ಓಣಿಯ ಹುಡುಗನೊಬ್ಬ ಗಾಂಜಾ ಚಟಕ್ಕೆ ಬಿದ್ದಿದ್ದಾನೆ. "ದವಾಖಾನೆಗೆ ಒಯ್ದರೆ ಜೈಲಿಗೆ ಹಾಕ್ತಾರೆ" ಎಂದು ಅವನ ತಾಯಿ ನಮ್ಮ ಅಮ್ಮಿಯ ಮುಂದೆ ಅತ್ತರು. ಅದಕ್ಕೇ ನಾನು 1985ರ ಮಾದಕವಸ್ತು ಕಾಯ್ದೆಯನ್ನು ಓದಿದೆ. ತಿಳಿದದ್ದು ಇಷ್ಟು:

1. ತಪಾಸಣೆ: ಈ ಕಾಯ್ದೆಯಡಿ ಮೈ ತಪಾಸಣೆ ಮಾಡುವಾಗ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರೇ ಆಗಲಿ ಎಂದು ಕೇಳಬಹುದು (ಕಲಂ 50). ಈ ಹಕ್ಕನ್ನು ತಪಾಸಣೆ ಮಾಡುವವರೇ ತಿಳಿಸಬೇಕೆಂದು 1999ರಲ್ಲಿ ಬಲದೇವ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೈಚೀಲದ ತಪಾಸಣೆಗೆ ಇದು ಅನ್ವಯಿಸದು. ಹೆಣ್ಣುಮಕ್ಕಳ ತಪಾಸಣೆಯನ್ನು ಮಹಿಳೆಯೇ ಮಾಡಬೇಕು. ಓಡಬೇಡಿ, ಜಗಳ ಬೇಡ. ಖಾಲಿ ಕಾಗದಕ್ಕೆ ಸಹಿಯೂ ಬೇಡ. ಜಪ್ತಿ ಪಟ್ಟಿಯ ಪ್ರತಿ ಕೇಳಿ.

2. ವಯಸ್ಸು: 18 ತುಂಬದವರನ್ನು ಲಾಕಪ್‌ನಲ್ಲಿ ಇಡುವಂತಿಲ್ಲ; 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು.

3. ಶಿಕ್ಷೆ: ಗಾಂಜಾ 1 ಕೆ.ಜಿ.ವರೆಗೆ 'ಅಲ್ಪ ಪ್ರಮಾಣ'. ಅದಕ್ಕೂ 1 ವರ್ಷದವರೆಗೆ ಜೈಲು ಉಂಟು. ಕಬ್ಬು, ತೊಗರಿಯ ನಡುವೆ ಬೆಳೆದರೆ 10 ವರ್ಷದವರೆಗೆ.

4. ಚಿಕಿತ್ಸೆ: ಸೇವನೆ ಅಥವಾ ಅಲ್ಪ ಪ್ರಮಾಣದ ಕೇಸಿನಲ್ಲಿರುವ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಆ ಕೇಸಿನಿಂದ ವಿನಾಯಿತಿ ಇದೆ (ಕಲಂ 64ಎ). ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಅದು ರದ್ದಾಗಬಹುದು. ಧಾರವಾಡದಲ್ಲಿ ಸರ್ಕಾರಿ ಡಿಮ್ಹಾನ್ಸ್ ಇದೆ. ಉಚಿತ ಸಹಾಯವಾಣಿ 14446.

ಇದನ್ನೆಲ್ಲ ಆ ಖಾಲಾಗೆ ಉರ್ದುವಿನಲ್ಲಿ ಹೇಳಿದೆ. ಅವರು ಕಣ್ಣೊರೆಸಿಕೊಂಡು, "ಬೇಟಾ, ಧಾರವಾಡದ ಬಸ್ ಎಷ್ಟಕ್ಕದ?" ಎಂದು ಕೇಳಿದರು.