ಐವತ್ತು ರೂಪಾಯಿ ದಂಡ, ಹದಿನಾರು ಸಾವಿರದ ಲೆಕ್ಕ

"ಅಕ್ಕಾ, ನೀವು ನಾಯಿಮರಿ ಇಟ್ಕೊಳ್ತೀರಂತಲ್ಲ, ಒಂದೇ ವಾರ ನೋಡ್ಕೊಳ್ಳಿ." ಮೈಸೂರಿನಲ್ಲಿ ನನಗೆ ಬರುವ ಫೋನುಗಳೆಲ್ಲ ಹೀಗೇ ಶುರುವಾಗುತ್ತವೆ. ಆ ಒಂದು ವಾರ ಏಳೇ ದಿನಕ್ಕೆ ಮುಗಿದಿದ್ದನ್ನು ನಾನಂತೂ ಕಂಡಿಲ್ಲ.

ಹೊಟ್ಟೆಪಾಡಿಗೆ ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಹಾಗಾಗಿ ಮರಿಗಳ ಲೆಕ್ಕಕ್ಕೂ ಒಂದು ನೋಟ್‌ಬುಕ್ ಇದೆ. ಕಳೆದ ಮಳೆಗಾಲದಲ್ಲಿ ಯಾರೋ ಬಿಸ್ಕತ್ತಿನ ರಟ್ಟಿನ ಡಬ್ಬದಲ್ಲಿ ಮೂರು ಮರಿ ಬಿಟ್ಟುಹೋದರು. ಐದನೇ ದಿನ ಅವುಗಳಲ್ಲಿ ಚಿಕ್ಕದು, ಬೆಲ್ಲ, ಊಟ ಬಿಟ್ಟಿತು. ಬೆಳಗಿನ ಜಾವ ವಾಂತಿ, ಆಮೇಲೆ ರಕ್ತಭೇದಿ. ಆ ನಾತವನ್ನು ಒಮ್ಮೆ ಮೂಸಿದವರಿಗೆ ಪರೀಕ್ಷೆಗೆ ಮೊದಲೇ ಗೊತ್ತಾಗುತ್ತದೆ: ಪಾರ್ವೊ.

ನೋಟ್‌ಬುಕ್ಕಿನ ಆ ಪುಟ ಹೀಗಿದೆ. ಪರೀಕ್ಷೆ 800. ಐದು ದಿನದ ಡ್ರಿಪ್, ಇಂಜೆಕ್ಷನ್ 6,500. ಮೂರಕ್ಕೂ ಎರಡೆರಡು ಲಸಿಕೆ 4,200. ಜಂತಿನ ಔಷಧಿ 150. ಐವತ್ತೊಂದು ದಿನದ ಊಟ 3,900. ಆಟೊ 1,250. ಒಟ್ಟು 16,800 ರೂಪಾಯಿ. ವಾಟ್ಸಾಪಿನಲ್ಲಿ ಬೆಲ್ಲನ ಫೋಟೊ ಹಾಕಿದಾಗ ಕೆಂಪು ಹೃದಯಗಳು ನೂರಾರು ಬಂದವು, ದುಡ್ಡು 4,350 ಬಂತು. ಉಳಿದ 12,450 ನನ್ನ ಜೇಬಿನದು.

ಪುಟದಲ್ಲಿ ಬರೆಯಲಾಗದ ಖರ್ಚೂ ಇದೆ. ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಮಾಮೂಲಿ ಫಿನಾಯಿಲಿಗೆ ಜಗ್ಗುವುದಿಲ್ಲ. ಬ್ಲೀಚ್ ಹಾಕಿ ತಿಕ್ಕಿದರೂ ಲಸಿಕೆಯಾಗದ ಹೊಸ ಮರಿಯನ್ನು ಎಷ್ಟೋ ತಿಂಗಳು ಮನೆಗೆ ತರುವ ಧೈರ್ಯ ಬರಲಿಲ್ಲ. ಬೆಲ್ಲನ ಅಮ್ಮನಿಗೂ ಮರಿಗಳಿಗೂ ಹೊತ್ತಿಗೆ ಸರಿಯಾಗಿ ಸೂಜಿ ಬಿದ್ದಿದ್ದರೆ ಇಷ್ಟೂ ತಪ್ಪುತ್ತಿತ್ತೇನೋ. ಇನ್ನು ಡಬ್ಬ ಬಿಟ್ಟುಹೋದವರು? ಸಾಕಿದ ಪ್ರಾಣಿಯನ್ನು ಹಸಿವಿಗೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವೇ. ಆದರೆ ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಬಿಡುವುದು ಅಗ್ಗ, ಎತ್ತಿಕೊಳ್ಳುವುದೇ ದುಬಾರಿ.

ಪೆಟ್ಟು ತಿಂದ ಮೇಲೆ ನಾಲ್ಕು ಶಿಸ್ತು ಕಲಿತೆ.

ಮೊದಲನೆಯದು, ಮರಿಗಳ ದುಡ್ಡಿಗೆ ಬೇರೆಯೇ ಬ್ಯಾಂಕ್ ಖಾತೆ. ಮನೆ ಬಾಡಿಗೆ, ಡ್ರಿಪ್ ಬಾಟಲು ಒಂದೇ ಖಾತೆಯಿಂದ ಹೋದರೆ ಬಾಡಿಗೆಯೇ ಸೋಲುತ್ತದೆ.

ಎರಡನೆಯದು, ಚಿಕಿತ್ಸೆಯ ಹಣವನ್ನು ದಾನಿಗಳು ನೇರ ಡಾಕ್ಟರಿಗೇ ಕಟ್ಟಲಿ. ಬಿಲ್ಲಿನ ಫೋಟೊ ಗುಂಪಿಗೆ ಬರಲಿ. ಅನುಮಾನಕ್ಕೆ ಜಾಗವಿರದು.

ಮೂರನೆಯದು ತೆರಿಗೆ. ಸಂಬಂಧಿಕರಲ್ಲದವರಿಂದ ನಿಮ್ಮ ಹೆಸರಿಗೆ ಒಂದು ವರ್ಷದಲ್ಲಿ ಬಂದ ಕೊಡುಗೆ ಹಣ 50,000 ರೂಪಾಯಿ ದಾಟಿದರೆ, ದಾಟಿದ ಭಾಗವಷ್ಟೇ ಅಲ್ಲ, ಪೂರ್ತಿ ಮೊತ್ತ ನಿಮ್ಮ ಆದಾಯಕ್ಕೆ ಸೇರುತ್ತದೆ. "ತೆರಿಗೆ ರಿಯಾಯಿತಿಯ ರಸೀದಿ ಕೊಡಿ" ಎಂದು ಕೇಳುವವರಿಗೂ ಒಂದು ಮಾತು: ಆ ರಸೀದಿ ಕೊಡಬಲ್ಲದ್ದು ಅನುಮೋದನೆ ಪಡೆದ ಸಂಸ್ಥೆ, ನನ್ನಂಥ ಒಂಟಿ ವ್ಯಕ್ತಿ ಅಲ್ಲ.

ನಾಲ್ಕನೆಯದೇ ಕಷ್ಟದ್ದು, ಬೇಡ ಅನ್ನುವುದು. ತಿಂಗಳಿಗೆ 3,000 ರೂಪಾಯಿ ನನ್ನ ಮಿತಿ. ಇರುವ ಮರಿಗೆ ಮನೆ ಸಿಗುವವರೆಗೆ ಹೊಸದು ಬೇಡ. ಮೊನ್ನೆ ಹೀಗೆ ಒಬ್ಬರಿಗೆ ಇಲ್ಲ ಅಂದೆ, ರಾತ್ರಿ ನಿದ್ದೆ ಬರಲಿಲ್ಲ. ಆದರೆ ಸಾಲ ಮಾಡಿ ಸಾಕಿದರೆ ಮುಂದಿನ ಬೆಲ್ಲನನ್ನು ಉಳಿಸುವ ತಾಕತ್ತೇ ಇರುವುದಿಲ್ಲ.

ಬೆಲ್ಲ ಬದುಕಿತು. ಈಗ ನಂಜನಗೂಡಿನ ಒಂದು ಮನೆಯಲ್ಲಿ ದಿನಾ ಮೊಸರನ್ನ ತಿಂದುಕೊಂಡು ದಪ್ಪಗಾಗಿದೆ.

ನಿಮ್ಮ ಮನೆಯಲ್ಲಿ ಮರಿ ಇಟ್ಟುಕೊಳ್ಳಲು ಜಾಗ ಇಲ್ಲದಿರಬಹುದು, ತಪ್ಪೇನಿಲ್ಲ. ಮುಂದಿನ ಸಲ ಯಾರಾದರೂ ಮರಿಯ ಫೋಟೊ ಹಾಕಿದಾಗ ಹೃದಯ ಒತ್ತುವ ಮುಂಚೆ ಅವರ ಡಾಕ್ಟರ ನಂಬರ್ ಕೇಳಿ, ಒಂದು ಲಸಿಕೆಯ ದುಡ್ಡು ಕಟ್ಟಿ. ನನ್ನ ಲೆಕ್ಕದಲ್ಲಿ ಅದು 700 ರೂಪಾಯಿ.