ಸಫಾರಿಗೆ ಹೊರಟ ಕುದೇರಿನವರ ಗಮನಕ್ಕೆ

ಟೆಂಪೊ ಭಾನುವಾರ ಬೆಳಗಿನ ಜಾವ ಮೂರೂವರೆಗೆ ಹಾಲಿನ ಡೈರಿ ಮುಂದಿನಿಂದ ಹೊರಡುತ್ತದೆ. ಮೂರೂ ಮುಕ್ಕಾಲಿಗೆ ಬಂದವರು ವಾಪಸ್ ಹೋಗಿ ಮಲಗಿಕೊಳ್ಳಬಹುದು. ಚಾಮರಾಜನಗರ, ತೆರಕಣಾಂಬಿ, ಗುಂಡ್ಲುಪೇಟೆ, ಹಂಗಳ ದಾಟಿ ಮೇಲುಕಾಮನಹಳ್ಳಿಯಲ್ಲಿರುವ ಬಂಡೀಪುರದ ಸಫಾರಿ ಕೌಂಟರ್ ಮುಟ್ಟುವಷ್ಟರಲ್ಲಿ ಬೆಳಕು ಹರಿಯುವ ಹೊತ್ತಾಗಿರುತ್ತದೆ. ಹೋದ ಸಲ ಬಂಡೀಪುರಕ್ಕೆ ಹೋದಾಗ ಇಂಥ ಚೀಟಿ ಬರೆದು ಹಚ್ಚಿರಲಿಲ್ಲ. ಹೆಚ್ಚುಕಡಿಮೆ ಅರ್ಧ ಜಿಲ್ಲೆಯೇ ಕಾಡಾಗಿರುವಾಗ ನಮ್ಮೂರಿನವರಿಗೆ ಕಾಡಿನ ನಡವಳಿಕೆ ಹೇಳಿಕೊಡಬೇಕೆ ಅಂದುಕೊಂಡಿದ್ದೆ. ಹೇಳಿಕೊಡಬೇಕು ಎಂಬುದು ಅವತ್ತೇ ಗೊತ್ತಾಯಿತು.

ಮಾಡಬೇಕಾದ್ದು

ಸಫಾರಿ ನಡೆಯುತ್ತಿದೆಯೋ ಇಲ್ಲವೋ ಎಂದು ಹಿಂದಿನ ದಿನವೇ ವಿಚಾರಿಸಬೇಕು. ಆ ಕೆಲಸ ನನ್ನದು. ಆದರೆ ನಿಂತಿದೆ ಎಂದು ಗೊತ್ತಾದರೆ ಯಾರೂ ಗೊಣಗಬಾರದು. 2025ರ ನವೆಂಬರ್‌ನಲ್ಲಿ ಮೈಸೂರು ಜಿಲ್ಲೆಯ ಕಾಡಂಚಿನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸರ್ಕಾರ ಸಫಾರಿ ನಿಲ್ಲಿಸಿ, ಆ ಸಿಬ್ಬಂದಿಯನ್ನು ಹುಲಿ ಹಿಡಿಯುವ ಕೆಲಸಕ್ಕೆ ಹಚ್ಚಿತ್ತು. ಹೊಲಕ್ಕೆ ಹೋದವನು ಮನೆಗೆ ಬರುವುದು ಮುಖ್ಯವೋ, ನಾವು ಜೀಪಿನಲ್ಲಿ ಕೂರುವುದು ಮುಖ್ಯವೋ, ನೀವೇ ಹೇಳಿ.

ಪ್ರತಿಯೊಬ್ಬರೂ ಆಧಾರ್ ತರಬೇಕು. ನೀರು ಸ್ಟೀಲ್ ಬಾಟಲಿಯಲ್ಲಿ ಇರಬೇಕು. ಮಕ್ಕಳನ್ನು ಗಾಡಿ ಹತ್ತುವ ಮೊದಲೇ ಶೌಚಕ್ಕೆ ಕರೆದುಕೊಂಡು ಹೋಗಬೇಕು, ಕಾಡಿನ ಮಧ್ಯೆ ನಿಲ್ಲಿಸಿ ಎಂದರೆ ನಿಲ್ಲಿಸುವುದಿಲ್ಲ. ಮಾಸಲು ಹಸಿರು, ಮಣ್ಣಿನ ಬಣ್ಣದ ಬಟ್ಟೆ ಹಾಕಿಕೊಳ್ಳಬೇಕು, ಸ್ವೆಟರ್ ಇರಲೇಬೇಕು. ಮಲ್ಲಿಗೆ ಮುಡಿದುಕೊಂಡು ಬಂದರೆ ನನ್ನ ತಕರಾರಿಲ್ಲ, ಸೆಂಟು ಹಾಕಿಕೊಂಡು ಬರಬೇಡಿ. ಚಿತ್ರಾನ್ನದ ಡಬ್ಬಿ ಟೆಂಪೊದಲ್ಲೇ ಇರಲಿ, ಕಾಡಿನಿಂದ ಈಚೆ ಬಂದ ಮೇಲೆ ತಿನ್ನೋಣ.

ಮೊಬೈಲನ್ನು ಸೈಲೆಂಟ್‌ಗೆ ಹಾಕಬೇಕು, ಆಫ್ ಮಾಡಿದರೆ ಇನ್ನೂ ಒಳ್ಳೆಯದು. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆಂದು ಹೋದ ಸಲ ಬಂದವರಿಗೆ ಗೊತ್ತು, ಬಾರದವರು ಕೇಳಿಸಿಕೊಳ್ಳಿ. ಒಂದು ತಿರುವಿನಲ್ಲಿ ಆನೆ ಹಿಂಡು ಸಿಕ್ಕಿತು. ಡ್ರೈವರ್ ಎಂಜಿನ್ ಆರಿಸಿದರು. ನಾಲ್ಕು ಹೆಣ್ಣಾನೆ, ಮಧ್ಯೆ ಒಂದು ಮರಿ, ಇನ್ನೂ ಸೊಂಡಿಲನ್ನು ಏನು ಮಾಡಬೇಕೆಂದು ತಿಳಿಯದ ವಯಸ್ಸು ಅದರದ್ದು. ತಾಯಿ ಹುಲ್ಲು ಕಿತ್ತು, ಬೇರಿನ ಮಣ್ಣು ಹೋಗುವಂತೆ ಮುಂಗಾಲಿಗೆ ಬಡಿದು, ಬಾಯಿಗಿಡುತ್ತಿತ್ತು. ಕಿವಿ ಬೀಸಣಿಗೆಯಂತೆ ನಿಧಾನವಾಗಿ ಆಡುತ್ತಿತ್ತು. ಅಷ್ಟರಲ್ಲಿ ನಮ್ಮವರೊಬ್ಬರ ಜೇಬಿನಿಂದ ಕಂಸಾಳೆಯ ಸದ್ದಿನ ಸಮೇತ ಮಾದಪ್ಪನ ಹಾಡು ಶುರುವಾಯಿತು. ತಾಯಿಯ ಕಿವಿ ಆಡುವುದು ನಿಂತಿತು. ಒಂದು ಕ್ಷಣ ಎಲ್ಲವೂ ನಿಂತಿತು. ಆಮೇಲೆ ಮರಿಯನ್ನು ಹೊಟ್ಟೆಯ ಕೆಳಗೆ ನೂಕಿಕೊಂಡು ಇಡೀ ಹಿಂಡು ಲಂಟಾನದ ಪೊದೆಯೊಳಗೆ ಮರೆಯಾಯಿತು. ಹಿಂದಿನ ಸೀಟಿನ ಆರು ಜನ ಏನನ್ನೂ ನೋಡಲಿಲ್ಲ. ಫೋನ್ ಮಾಡಿದ್ದು ಮನೆಯವರಂತೆ, ಮೋಟರ್ ಸ್ವಿಚ್ ಆರಿಸಿದ್ದೀರಾ ಎಂದು ಕೇಳಲು.

ಆದ್ದರಿಂದ ಆನೆಯ ಕಿವಿಯನ್ನು ಗಮನಿಸಬೇಕು. ಕಿವಿ ಬೀಸುತ್ತಿದ್ದರೆ ಅದು ನೆಮ್ಮದಿಯಾಗಿದೆ. ಬೀಸುವುದು ನಿಲ್ಲಿಸಿ, ಅಗಲಿಸಿ, ಬಾಲ ಎತ್ತಿ ನಿಂತರೆ ನಾವು ಅಲ್ಲಿಂದ ಹೊರಡಬೇಕಾದ ಹೊತ್ತು. ಅದನ್ನು ಡ್ರೈವರ್ ನೋಡಿಕೊಳ್ಳುತ್ತಾರೆ, ನೀವು ಕಿರುಚದೆ ಕೂತರೆ ಸಾಕು.

ಹುಲಿ ಬೇಕೆನ್ನುವವರು ಜಿಂಕೆಯನ್ನು ನೋಡಬೇಕು. ಮೇಯುತ್ತಿದ್ದ ಜಿಂಕೆಗಳೆಲ್ಲ ತಲೆ ಎತ್ತಿ ಒಂದೇ ದಿಕ್ಕಿಗೆ ಕಣ್ಣು ನೆಟ್ಟಿವೆಯೇ, ಮುಂಗಾಲಿನಿಂದ ನೆಲವನ್ನು ಒದೆಯುತ್ತಿವೆಯೇ, ಮರದ ಮೇಲಿನ ಮುಸುವ ಕೆಮ್ಮಿದ ಹಾಗೆ ಕೂಗುತ್ತಿದೆಯೇ, ಹಾಗಿದ್ದರೆ ಆ ದಿಕ್ಕಿನ ಪೊದೆಯಲ್ಲಿ ಯಾರೋ ಇದ್ದಾರೆ. ಹುಲಿಯೇ ಆಗಬೇಕೆಂದಿಲ್ಲ, ಚಿರತೆ ಇರಬಹುದು, ಸೀಳುನಾಯಿ ಇರಬಹುದು. ಏನೂ ಕಾಣದೆಯೂ ಹೋಗಬಹುದು. ಹುಲಿ ಮಾದಪ್ಪನ ವಾಹನ. ಅವನು ಕಳಿಸಿದಾಗ ಬರುತ್ತದೆ, ನೀವು ಟಿಕೆಟ್ ತೆಗೆಸಿದಾಗಲ್ಲ.

ಮಾಡಬಾರದ್ದು

ಗಾಡಿಯಿಂದ ಇಳಿಯಬಾರದು. ಟೋಪಿ ಬಿದ್ದರೂ, ಚಪ್ಪಲಿ ಬಿದ್ದರೂ, ಮೊಬೈಲೇ ಬಿದ್ದರೂ ಇಳಿಯಬಾರದು, ಗಾರ್ಡ್‌ಗೆ ಹೇಳಬೇಕು. ಕೈ, ತಲೆ ಕಿಟಕಿಯ ಆಚೆ ಹೋಗಬಾರದು. ಗಾಡಿಯ ತಗಡು ಬಡಿಯುವುದು, ಶಿಳ್ಳೆ ಹಾಕುವುದು, ಮಲಗಿರುವ ಪ್ರಾಣಿಯನ್ನು ಎಬ್ಬಿಸಲು ಚಪ್ಪಾಳೆ ತಟ್ಟುವುದು ಕೂಡದು. ಡ್ರೈವರ್ ಕೈಗೆ ನೂರು ರೂಪಾಯಿ ತುರುಕಿ ‘ಹುಲಿ ತೋರ್ಸಪ್ಪ’ ಎನ್ನಕೂಡದು. ಆ ಮನುಷ್ಯ ದಾರಿ ಬಿಟ್ಟು ಗಾಡಿ ಇಳಿಸಿದರೆ ಕೆಲಸ ಹೋಗುವುದು ಅವರದು, ನಿಮ್ಮದಲ್ಲ.

ರಸ್ತೆಯ ವಿಷಯ ಬೇರೆಯಾಗಿಯೇ ಹೇಳುತ್ತೇನೆ. ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ರಸ್ತೆ, ಸುಲ್ತಾನ್ ಬತ್ತೇರಿಗೆ ಹೋಗುವ ರಸ್ತೆ, ಎರಡೂ ಕಾಡಿನ ಮಧ್ಯೆಯೇ ಹಾದುಹೋಗುತ್ತವೆ. ಟಿಕೆಟ್ ಇಲ್ಲದೆ ಪ್ರಾಣಿ ಕಾಣುತ್ತದೆಂದು ಜನ ಅಲ್ಲಿ ಕಾರು ನಿಲ್ಲಿಸಿ ಇಳಿಯುತ್ತಾರೆ. 2025ರ ಆಗಸ್ಟ್‌ನಲ್ಲಿ ಕೆಕ್ಕನಹಳ್ಳದ ಬಳಿ ಒಬ್ಬರು ಹೀಗೇ ಆನೆಯ ಹತ್ತಿರ ಹೋದರು. ಅದು ಅಟ್ಟಿಸಿಕೊಂಡು ಬಂತು, ಓಡುವಾಗ ಬಿದ್ದರು, ಆನೆ ತುಳಿದು ಹೋಯಿತು. ಜೀವ ಉಳಿದದ್ದು ಪುಣ್ಯ. ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿತು. ನಮ್ಮ ಟೆಂಪೊ ಆ ರಸ್ತೆಯಲ್ಲಿ ನಿಲ್ಲುವುದಿಲ್ಲ, ಯಾರೂ ಬಾಯಿ ಬಿಟ್ಟು ಕೇಳಲೂ ಬಾರದು. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಅಲ್ಲಿ ವಾಹನ ಓಡಾಟಕ್ಕೆ 2009ರಿಂದಲೂ ತಡೆಯಿದೆ. ಕೆಲವೇ ಬಸ್ಸು, ಆಂಬುಲೆನ್ಸಿನಂಥ ತುರ್ತು ವಾಹನ ಬಿಟ್ಟು ಬೇರೆ ಯಾವ ಗಾಡಿಯೂ ಹೋಗುವಂತಿಲ್ಲ. ‘ನಮ್ಮ ಸಂಬಂಧಿ ಇಲಾಖೆಯಲ್ಲಿದ್ದಾರೆ’ ಎಂಬ ಮಾತು ಚೆಕ್‌ಪೋಸ್ಟಿನಲ್ಲಿ ನಡೆಯುವುದಿಲ್ಲ. ನಡೆಯಲೂಬಾರದು.

ತಿನ್ನಲು ಏನನ್ನೂ ಎಸೆಯಬಾರದು. ಒಂದು ಬಾಳೆಹಣ್ಣಿನಿಂದ ಏನಾಗುತ್ತದೆ ಎನ್ನುವವರು ಸತ್ಯಮಂಗಲ ದಾರಿಯ ಹಾಸನೂರಿನ ಕಡೆ ಹೋಗಿ ನೋಡಲಿ. ಅಲ್ಲಿ ಆನೆಗಳು ರಸ್ತೆಗೆ ಅಡ್ಡ ನಿಂತು ಕಬ್ಬಿನ ಲಾರಿ ತಡೆಯುತ್ತವೆ. ಲಾರಿಯವರು ಒಂದೆರಡು ಜಲ್ಲೆ ಎಸೆದು ಎಸೆದೇ ಅವಕ್ಕೆ ಆ ಪಾಠ ಆಯಿತು. ರುಚಿ ಕಂಡ ಆನೆ ಲಾರಿ ಸಿಗದ ದಿನ ಹೊಲಕ್ಕೆ ಬರುತ್ತದೆ. ಆ ಹೊಲ ಬಣ್ಣಬಣ್ಣದ ಚೀಲ ಹಿಡಿದು ಬೆಂಗಳೂರಿನಿಂದ ಬಂದವರದ್ದಲ್ಲ, ನಮ್ಮಂಥ ಯಾರದೋ. ರಾತ್ರಿಯೆಲ್ಲ ಅಟ್ಟಣೆಯ ಮೇಲೆ ತಮಟೆ ಹಿಡಿದು ಕೂರುವವರು ಅವರು. ಕೋತಿಗೂ ಇದೇ ಮಾತು.

ಬೀಡಿ, ಸಿಗರೇಟು, ಬೆಂಕಿಪೊಟ್ಟಣ ಕಾಡಿನೊಳಗೆ ತರಲೇಕೂಡದು. ಜನವರಿ ಕಳೆದರೆ ಬಂಡೀಪುರದ ಹುಲ್ಲು ಕಾಗದದಂತೆ ಒಣಗಿರುತ್ತದೆ. 2017ರಲ್ಲಿ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಆ ಬೆಂಕಿಯಲ್ಲೇ ಪ್ರಾಣ ಬಿಟ್ಟರು. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತಮುತ್ತ ಸಾವಿರಾರು ಎಕರೆ ಬೂದಿಯಾಯಿತು. ಸೊಪ್ಪು ಹೊಡೆದು ಬೆಂಕಿ ಆರಿಸುವ ವಾಚರ್‌ಗಳು ಕಾಡಂಚಿನ ಊರು, ಹಾಡಿಗಳ ಹುಡುಗರು.

1931ರಲ್ಲಿ ಮೈಸೂರು ಮಹಾರಾಜರು ಇಲ್ಲಿ 90 ಚದರ ಕಿಲೋಮೀಟರಿನಷ್ಟು ವನ್ಯಜೀವಿಧಾಮ ಮಾಡಿದರು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ದೇಶದ ಮೊದಲ ಒಂಬತ್ತು ಹುಲಿ ಮೀಸಲು ಕಾಡುಗಳಲ್ಲಿ ಬಂಡೀಪುರವೂ ಒಂದು. ಅಷ್ಟು ಕಾಲ ಕಾದುಕೊಂಡು ಬಂದ ಜಾಗದಲ್ಲಿ ನಿಮ್ಮ ಗುಟ್ಕಾ ಚೀಟಿ ಬೀಳಬಾರದು. ಬಿದ್ದರೆ ಎಸೆದವರ ಹೆಸರನ್ನು ಇದೇ ಗೋಡೆಗೆ ಹಚ್ಚುತ್ತೇನೆ.

ಗೋಪಾಲಸ್ವಾಮಿ ಬೆಟ್ಟಕ್ಕೂ ಹೋಗೋಣ ಎನ್ನುವವರಿದ್ದಾರೆ. ಹೋಗೋಣ. ನಮ್ಮ ಟೆಂಪೊ ಬುಡದಲ್ಲೇ ನಿಲ್ಲಬೇಕು, ಮೇಲಕ್ಕೆ ಸಾರಿಗೆ ಬಸ್ಸು. ಮೇಲೆ ಆನೆ ಕಂಡರೆ ಹಣ್ಣುಕಾಯಿ ತಟ್ಟೆ ಹಿಡಿದು ಹತ್ತಿರ ಹೋಗಬಾರದು, ನೈವೇದ್ಯ ಸ್ವಾಮಿಗೆ ಮಾತ್ರ. ದಾರಿಯಲ್ಲಿ ಸೂರ್ಯಕಾಂತಿ, ಚೆಂಡುಹೂವಿನ ಹೊಲಕ್ಕೆ ಫೋಟೊಗೆಂದು ನುಗ್ಗಬಾರದು. ನಮ್ಮ ಅರಿಸಿನದ ಹೊಲಕ್ಕೆ ಯಾರಾದರೂ ಹೀಗೆ ನುಗ್ಗಿದರೆ ನಾವು ಏನಂತೀವಿ?

ಬಂಡೀಪುರದಲ್ಲಿ ಟಿಕೆಟ್ ಸಿಗದಿದ್ದರೆ ಇನ್ನೊಂದು ದಿನ ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿಗೆ ಹೋಗುತ್ತೇವೆ, ಅಲ್ಲಿಯೂ ಸಫಾರಿ ಇದೆ. ಅಲ್ಲಿಗೂ ಇದೇ ನಿಯಮ, ಜೊತೆಗೆ ಇನ್ನೊಂದು. ಸೋಲಿಗರು ವಾಸವಿರುವ ಪೋಡು ನೋಡುವ ಜಾಗವಲ್ಲ. ಕೇಳದೆ ಒಳಗೆ ಹೋಗಬಾರದು, ಮನೆ ಮುಂದೆ ಕೂತ ಅಜ್ಜಿಯ ಮುಖಕ್ಕೆ ಮೊಬೈಲ್ ಹಿಡಿಯಬಾರದು. ಆ ಕಾಡಿನ ಮೇಲೆ ಅವರಿಗೆ ಹಕ್ಕಿದೆ, 2011ರಲ್ಲಿ ಸರ್ಕಾರವೇ ಅದನ್ನು ಒಪ್ಪಿ ಪತ್ರ ಕೊಟ್ಟಿದೆ. ನಾವು ಅಲ್ಲಿ ನೆಂಟರು, ಅದೂ ಕರೆಯದೆ ಬಂದ ನೆಂಟರು.

ಹೆಸರು ಕೊಡುವವರು ಗುರುವಾರ ಸಂಜೆಯೊಳಗೆ ಕೊಡಬೇಕು. ಇರುವುದು ಹದಿನೆಂಟು ಸೀಟು, ಹದಿನೇಳು ಆಗಲೇ ತುಂಬಿವೆ. ಉಳಿದ ಒಂದನ್ನು ಮಾದಪ್ಪನ ಹಾಡಿನವರಿಗೇ ಇಟ್ಟಿದ್ದೇನೆ, ಫೋನನ್ನು ಮನೆಯಲ್ಲಿ ಬಿಟ್ಟು ಬರುವುದಾದರೆ.